ಸಂಯಮ ತಪ್ಪಿದ ಚರ್ಮ

ದೀಪಾವಳಿ ಕಳೆದು ಮೂಡಣದ ಒಣಗಾಳಿ ಬೀಸತೊಡಗಿತೆಂದರೆ, ಮಲೆನಾಡಿಗೂ ಬಯಲುಸೀಮೆಗೂ ನಡುವೆ ನಿಂತಿರುವ ಧಾರವಾಡದಲ್ಲಿ ಎಲ್ಲರ ಮೈಯೂ ಒಂದಿಷ್ಟು ಬಿರಿಯುತ್ತದೆ. ಕೊಬ್ಬರಿ ಎಣ್ಣೆಗೆ ಬಗ್ಗುವ ಈ ಬಿರುಕು ಯಾರಿಗೂ ಚಿಂತೆಯ ವಿಷಯವಲ್ಲ. ಆದರೆ ಇದೇ ಋತುವಿನಲ್ಲಿ ಎಣ್ಣೆಗೂ ಬಗ್ಗದ, ತುರಿಕೆಯ ಮಲಾಮಿಗೂ ಬಗ್ಗದ, ಹಿಂದಿನ ವರ್ಷ ಮಾಯವಾದ ಜಾಗದಲ್ಲಿಯೇ ಮರಳಿ ಮೂಡುವ ಕಲೆಗಳನ್ನು ತುಂಬುತೋಳಿನ ಅಂಗಿಯಲ್ಲಿ ಮುಚ್ಚಿಕೊಂಡು ಆಸ್ಪತ್ರೆಯ ದಾರಿ ಹಿಡಿಯುವವರೂ ಉಂಟು. 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜೆಂದು ಹುಬ್ಬಳ್ಳಿಯಲ್ಲಿ ಆರಂಭವಾಗಿ, ಅನಂತರ ಕಿಮ್ಸ್ ಎಂಬ ಹೆಸರಿನಿಂದ ಜನಜನಿತವಾದ ಸಂಸ್ಥೆಯ ಚರ್ಮರೋಗ ವಿಭಾಗಕ್ಕೆ ಧಾರವಾಡ, ಗದಗ, ಹಾವೇರಿ, ಕೊಪ್ಪಳಗಳ ಹಳ್ಳಿಗಳಿಂದ ಬರುವ ಇಂಥವರಲ್ಲಿ ಅನೇಕರ ಚೀಟಿಯ ಮೇಲೆ ವೈದ್ಯರು ಬರೆಯುವ ಹೆಸರು ಸೋರಿಯಾಸಿಸ್.

ಆ ಕಲೆಯನ್ನು ಹತ್ತಿರದಿಂದ ನೋಡಬೇಕು. ಮೊಳಕೈಯ ಹೊರಬದಿ, ಮೊಣಕಾಲು, ಬೆನ್ನಿನ ಕೆಳಭಾಗ, ತಲೆಯಲ್ಲಿ ಕೂದಲಿನ ಅಂಚು, ಇವು ಅದರ ಮೆಚ್ಚಿನ ತಾಣಗಳು. ಸುತ್ತಲಿನ ಆರೋಗ್ಯಪೂರ್ಣ ಚರ್ಮದಿಂದ ಸ್ಪಷ್ಟವಾದ ಗಡಿಯೊಡನೆ ಬೇರೆಯಾಗಿ ನಿಲ್ಲುವ, ಗೌರವರ್ಣದವರಲ್ಲಿ ಕೆಂಪಾಗಿಯೂ ನಮ್ಮ ಕಡೆಯ ಶ್ಯಾಮಲವರ್ಣದ ಮೈಯಲ್ಲಿ ನೇರಳೆ ಬೆರೆತ ಕಂದಾಗಿಯೂ ತೋರುವ ದಪ್ಪನೆಯ ಚಕ್ಕೆ. ಅದರ ಮೇಲೆ ಬೆಳ್ಳಿಬಣ್ಣದ ಒಣ ಹಕ್ಕಳೆ. ಗಾಜಿನ ಪಟ್ಟಿಯ ಅಂಚಿನಿಂದ ಮೆಲ್ಲನೆ ಕೆರೆದರೆ ಹಕ್ಕಳೆ ಪದರುಪದರಾಗಿ ಉದುರಿ, ಕೊನೆಗೆ ತೇವದ ತೆಳುಪೊರೆಯೊಂದು ಉಳಿದು, ಅದನ್ನೂ ಎತ್ತಿದೊಡನೆ ಸೂಜಿಮೊನೆಯಷ್ಟು ಸಣ್ಣ ರಕ್ತಬಿಂದುಗಳು ಅಲ್ಲಲ್ಲಿ ಹನಿಗಟ್ಟುತ್ತವೆ. ರೋಗನಿರ್ಣಯಕ್ಕೆ ಇದೊಂದು ಹಳೆಯ ಸುಳಿವು. ಉಗುರುಗಳ ಮೇಲೆ ಸಣ್ಣ ಸಣ್ಣ ಕುಳಿಗಳು ಬೀಳುವುದೂ, ಕೆಲವರಲ್ಲಿ ಬೆರಳಿನ ಸಂದುಗಳು ಬಾತು ನೋಯುವುದೂ ಇದೇ ವ್ಯಾಧಿಯ ಇತರ ಮುಖಗಳು.

ಈ ಕಲೆಯನ್ನು ಕಂಡವರು ಹಿಂದೆ ಸರಿಯುವುದು ಇಂದು ನಿನ್ನೆಯ ಮಾತಲ್ಲ. ನಮ್ಮ ಪ್ರಾಚೀನ ವೈದ್ಯಗ್ರಂಥಗಳು ಅನೇಕ ಚರ್ಮವ್ಯಾಧಿಗಳನ್ನು ಕುಷ್ಠವೆಂಬ ಒಂದೇ ಮಹಾವರ್ಗದಲ್ಲಿ ಸೇರಿಸಿದವು. ಚರಕಸಂಹಿತೆ ಅದರೊಳಗೆ ಹದಿನೆಂಟು ಭೇದಗಳನ್ನು ಎಣಿಸಿ ವಿವೇಚಿಸಿತಾದರೂ, ಆ ವಿವೇಚನೆ ಪಂಡಿತರಲ್ಲಿ ಉಳಿದು, ಭಯ ಮಾತ್ರ ಜನರಲ್ಲಿ ಇಳಿಯಿತು. ಯುರೋಪಿನಲ್ಲಿಯೂ ಇದೇ ಕಥೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಲಂಡನ್ನಿನ ರಾಬರ್ಟ್ ವಿಲನ್ ಇದರ ಲಕ್ಷಣಗಳನ್ನು ವಿಶದವಾಗಿ ಬರೆದ ಮೇಲೆಯೂ, 1841ರಲ್ಲಿ ವಿಯೆನ್ನಾದ ಫರ್ಡಿನಾಂಡ್ ಫಾನ್ ಹೆಬ್ರಾ ಇದನ್ನು ಕುಷ್ಠದಿಂದ ಪೂರ್ತಿಯಾಗಿ ಬೇರ್ಪಡಿಸುವವರೆಗೆ ಗೊಂದಲ ಹರಿದಿರಲಿಲ್ಲ. ಕುಷ್ಠಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣ. ಸೋರಿಯಾಸಿಸ್‌ಗೆ ಅಂಥ ಯಾವ ಜೀವಿಯೂ ಕಾರಣವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ, ಕಲೆಯ ಮೇಲೆಯೇ ಕೈಯಿಟ್ಟರೂ ಅದು ಇನ್ನೊಬ್ಬರಿಗೆ ಹತ್ತುವುದಿಲ್ಲ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಸೋರಿಯಾಸಿಸ್ ಕುರಿತು ನಿರ್ಣಯವೊಂದನ್ನು ಅಂಗೀಕರಿಸಿ, ಇದು ಸಾಂಕ್ರಾಮಿಕವಲ್ಲದ, ಆದರೆ ಗಂಭೀರವಾದ ವ್ಯಾಧಿಯೆಂದು ಜಗತ್ತಿಗೆ ಸಾರಬೇಕಾಯಿತೆಂದರೆ, ಆ ಹಳೆಯ ಭಯ ಎಷ್ಟು ಆಳವಾಗಿ ಬೇರುಬಿಟ್ಟಿದೆಯೆಂಬುದನ್ನು ಊಹಿಸಬಹುದು.

ಹಾಗಾದರೆ ಚರ್ಮದಲ್ಲಿ ನಡೆಯುವುದೇನು? ನಮ್ಮ ಹೊರಚರ್ಮದ ತಳದಲ್ಲಿ ಹುಟ್ಟಿದ ಕೋಶವೊಂದು ಮೆಲ್ಲಮೆಲ್ಲನೆ ಮೇಲಕ್ಕೇರುತ್ತ, ಬಲಿಯುತ್ತ, ಕೊನೆಗೆ ತನ್ನ ಕೇಂದ್ರವನ್ನು ಕಳೆದುಕೊಂಡು ನಿರ್ಜೀವ ರಕ್ಷಾಪದರವಾಗಿ, ನಮಗೆ ತಿಳಿಯದಂತೆಯೇ ಉದುರಿಹೋಗುವುದಕ್ಕೆ ಸುಮಾರು ನಾಲ್ಕು ವಾರಗಳು ಬೇಕು. ಸೋರಿಯಾಸಿಸ್‌ನ ಚಕ್ಕೆಯಲ್ಲಿ ಈ ಪಯಣ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಅಪಕ್ವವಾದ ಕೋಶಗಳು ಇನ್ನೂ ಕೇಂದ್ರವನ್ನು ಹೊತ್ತುಕೊಂಡೇ ಮೇಲೆ ಬಂದು, ಉದುರಲು ಅವಕಾಶ ಸಾಲದೆ, ಒಂದರ ಮೇಲೊಂದು ರಾಶಿಬೀಳುವುದೇ ಹಕ್ಕಳೆ. ಈ ರಾಶಿಗೆ ಆಹಾರ ಒದಗಿಸುವ ಸಲುವಾಗಿ ಕೆಳಗಿನ ಸೂಕ್ಷ್ಮ ರಕ್ತನಾಳಗಳು ಹಿಗ್ಗಿ, ಸುರುಳಿಸುರುಳಿಯಾಗಿ ಮೇಲ್ಮೈಯ ಹತ್ತಿರಕ್ಕೆ ಬಂದಿರುವುದರಿಂದಲೇ ಕೆರೆದಾಗ ಆ ರಕ್ತಬಿಂದುಗಳು ಮೂಡುವುದು.

ದೀರ್ಘಕಾಲದವರೆಗೆ ವೈದ್ಯರು ಇದನ್ನು ಚರ್ಮದ ಕೋಶಗಳದೇ ದೋಷವೆಂದು ಬಗೆದಿದ್ದರು; ಅತಿವೇಗವಾಗಿ ವಿಭಜಿಸುವ ಕೋಶಗಳನ್ನು ತಡೆಯುವ ಮೆಥೊಟ್ರೆಕ್ಸೇಟ್ ಫಲಕಾರಿಯಾದದ್ದು ಈ ಎಣಿಕೆಗೆ ಪುಷ್ಟಿ ಕೊಟ್ಟಿತು. ಈ ನಂಬಿಕೆ ಅಲುಗಾಡಿದ್ದು 1979ರಲ್ಲಿ. ಟಿ ಕೋಶಗಳೆಂಬ ಬಿಳಿಯ ರಕ್ತಕೋಶಗಳನ್ನು ಶಮನಗೊಳಿಸುವ ಸೈಕ್ಲೋಸ್ಪೋರಿನ್ ಎಂಬ ಔಷಧವನ್ನು ಸಂಧಿವಾತಕ್ಕಾಗಿ ಪರೀಕ್ಷಿಸುತ್ತಿದ್ದಾಗ, ಸೋರಿಯಾಸಿಸ್ ಇದ್ದವರ ಕಲೆಗಳು ಅನಿರೀಕ್ಷಿತವಾಗಿ ತಿಳಿಯಾದವು. ಅಪರಾಧ ಚರ್ಮದ್ದಲ್ಲ, ಚರ್ಮಕ್ಕೆ ಅಪ್ಪಣೆ ಕೊಡುತ್ತಿರುವ ರೋಗನಿರೋಧಕ ಕೋಶಗಳದು ಎಂಬ ಅರಿವು ಅಲ್ಲಿಂದ ಬೆಳೆಯಿತು. ಇಂದು ಆ ಅಪ್ಪಣೆಯ ಸರಪಣಿ ಬಹುಮಟ್ಟಿಗೆ ತಿಳಿದಿದೆ. ಚರ್ಮದಲ್ಲಿರುವ ಡೆಂಡ್ರೈಟಿಕ್ ಕೋಶಗಳು ಗಾಯದಿಂದಲೋ, ಗಂಟಲಿನ ಸೋಂಕಿನಿಂದಲೋ, ಇತರ ಕಾರಣದಿಂದಲೋ ಉದ್ರೇಕಗೊಂಡು ಇಂಟರ್‌ಲ್ಯೂಕಿನ್-23 ಎಂಬ ಸಂದೇಶದ್ರವ್ಯವನ್ನು ಸ್ರವಿಸುತ್ತವೆ. ಅದರ ಪೋಷಣೆಯಲ್ಲಿ ಟಿಎಚ್-17 ಎಂಬ ಗುಂಪಿನ ಟಿ ಕೋಶಗಳು ಪ್ರಬಲವಾಗಿ ಇಂಟರ್‌ಲ್ಯೂಕಿನ್-17ನ್ನು ಬಿಡುತ್ತವೆ. ಅದು ತಗಲಿದ ಚರ್ಮಕೋಶಗಳು ವಿಭಜನೆಯ ವೇಗವನ್ನು ಹೆಚ್ಚಿಸಿಕೊಳ್ಳುವುದಲ್ಲದೆ, ಮತ್ತಷ್ಟು ಬಿಳಿಯ ಕೋಶಗಳನ್ನು ಕರೆಯುವ ಸಂದೇಶಗಳನ್ನೂ ಹೊರಡಿಸುತ್ತವೆ. ಹೀಗೆ ಕರೆದವರೂ ಬಂದವರೂ ಒಬ್ಬರನ್ನೊಬ್ಬರು ಕೆರಳಿಸುತ್ತ ಹೋಗುವ ಚಕ್ರವೊಂದು ಕಟ್ಟಿಕೊಳ್ಳುತ್ತದೆ.

ನನ್ನ ಮಟ್ಟಿಗೆ ಈ ವ್ಯಾಧಿಯ ನಿಜವಾದ ಪ್ರಶ್ನೆ ಮೊದಲಾಗುವುದು ಇಲ್ಲಿಂದ. ಉರಿಯೂತ ಹೊತ್ತಿಕೊಳ್ಳುವುದು ಆಶ್ಚರ್ಯವಲ್ಲ. ಎಲ್ಲರ ಚರ್ಮದಲ್ಲಿಯೂ ಅದು ಆಗಾಗ ಹೊತ್ತಿಕೊಂಡು ಆರುತ್ತದೆ. ಮುಳ್ಳು ಚುಚ್ಚಿದ ಜಾಗ ಕೆಂಪಾಗಿ ಬಾತು, ವಾರ ಕಳೆಯುವುದರೊಳಗೆ ಸಮವಾಗುವುದನ್ನು ಕಾಣದವರಾರು? ಆದರೆ ಸೋರಿಯಾಸಿಸ್ ಇರುವವರಲ್ಲಿ ಒಂದು ತರಚುಗಾಯದ ಗೆರೆಯುದ್ದಕ್ಕೂ ಹೊಸ ಚಕ್ಕೆಗಳು ಏಳಬಹುದೆಂಬುದನ್ನು ಹೈನ್ರಿಶ್ ಕೋಬ್ನರ್ ಎಂಬ ಜರ್ಮನ್ ವೈದ್ಯ ಹತ್ತೊಂಬತ್ತನೆಯ ಶತಮಾನದಲ್ಲಿಯೇ ತೋರಿಸಿದ್ದನು. ಆದುದರಿಂದ ಕೇಳಬೇಕಾದದ್ದು, ಅದೇಕೆ ಹೊತ್ತಿತೆಂಬುದಕ್ಕಿಂತ ಮಿಗಿಲಾಗಿ, ಅದೇಕೆ ಆರಲಿಲ್ಲವೆಂಬುದು. ಆರಿಸುವ ಕೆಲಸ ತಾನಾಗಿಯೇ ನಡೆಯುವುದಿಲ್ಲ. ಅದಕ್ಕೆಂದೇ ದೇಹದಲ್ಲಿ ಪ್ರತ್ಯೇಕವಾದ ಕೋಶಗಳಿವೆ; ಅವುಗಳನ್ನು ನಿಯಾಮಕ ಟಿ ಕೋಶಗಳೆನ್ನೋಣ.

ನಮ್ಮ ಕಡೆಯ ಜಾತ್ರೆಗಳಲ್ಲಿ ತೇರು ಎಳೆಯುವಾಗ ಹಗ್ಗ ಹಿಡಿದ ನೂರಾರು ಜನರ ಮೇಲೆಯೇ ಎಲ್ಲರ ಕಣ್ಣು. ಗಾಲಿಯ ಪಕ್ಕದಲ್ಲಿ ಬಾಗಿ ನಡೆಯುತ್ತ, ತಕ್ಕ ಗಳಿಗೆಯಲ್ಲಿ ಮರದ ತುಂಡನ್ನು ಅಡ್ಡಕೊಟ್ಟು ವೇಗವನ್ನು ಹದಗೊಳಿಸುವ ಎರಡು ಮೂರು ಮಂದಿಯನ್ನು ಯಾರೂ ಗಮನಿಸರು. ಅವರು ಕೈಬಿಟ್ಟರೆ ತೇರು ಭಕ್ತರ ಮೇಲೆಯೇ ಹರಿಯುತ್ತದೆ. ನಿಯಾಮಕ ಕೋಶಗಳ ಪಾತ್ರ ಇಂಥದು, ವಿಜ್ಞಾನದ ಚರಿತ್ರೆಯಲ್ಲಿ ಅವುಗಳಿಗೆ ಒದಗಿದ ಉಪೇಕ್ಷೆಯೂ ಇಂಥದೇ.

ಆ ಚರಿತ್ರೆ ಸ್ವಾರಸ್ಯವಾದದ್ದು. ಎದೆಯೆಲುಬಿನ ಹಿಂದೆ ಅಡಗಿರುವ ಥೈಮಸ್ ಗ್ರಂಥಿ ಟಿ ಕೋಶಗಳು ಬಲಿಯುವ ತಾಣ. 1969ರಲ್ಲಿ ಜಪಾನಿನ ನಿಶಿಜುಕಾ ಮತ್ತು ಸಕಾಕುರಾ ಎಂಬ ಸಂಶೋಧಕರು ಹುಟ್ಟಿ ಮೂರು ದಿನವಾದ ಇಲಿಮರಿಗಳ ಈ ಗ್ರಂಥಿಯನ್ನು ತೆಗೆದುಹಾಕಿದಾಗ, ರೋಗನಿರೋಧ ಶಕ್ತಿ ಕುಂದಬೇಕಾದಲ್ಲಿ ವಿಪರೀತವಾದದ್ದೇ ಸಂಭವಿಸಿತು: ಆ ಪ್ರಾಣಿಗಳ ಅಂಡಾಶಯಗಳೇ ಹಾಳಾದವು. ಮುಂದೆ ತಿಳಿದಂತೆ, ಇದು ಸ್ವಂತ ಟಿ ಕೋಶಗಳ ದಾಳಿ. ತಡೆಯಬೇಕಾದ ಯಾವುದೋ ಒಂದು ಕೋಶಗುಂಪು ಮೂರನೆಯ ದಿನದ ತರುವಾಯ ಗ್ರಂಥಿಯಿಂದ ಹೊರಬರಬೇಕಾಗಿದ್ದು, ಬಾರದೆ ಹೋದದ್ದರ ಫಲವಿದು. ಇದೇ ಕಾಲಕ್ಕೆ ಅಮೆರಿಕದ ರಿಚರ್ಡ್ ಗರ್ಶನ್ ದಮನಕಾರಿ ಟಿ ಕೋಶಗಳ ಕಲ್ಪನೆಯನ್ನು ಮಂಡಿಸಿದನು. ಎಪ್ಪತ್ತರ ದಶಕದಲ್ಲಿ ಆ ಕಲ್ಪನೆ ಬಹಳ ಮೆರೆಯಿತು. ಆದರೆ ಆಧಾರಗಳು ದೃಢವಾಗದೆ, ಎಂಬತ್ತರ ದಶಕದಲ್ಲಿ ಅದು ಅಷ್ಟೇ ತೀವ್ರವಾಗಿ ಅಪಕೀರ್ತಿಗೆ ಗುರಿಯಾಗಿ, ಅದರ ಹೆಸರೆತ್ತುವುದೇ ವಿದ್ವತ್ಸಭೆಗಳಲ್ಲಿ ಅನುಚಿತವೆನ್ನುವಷ್ಟಾಯಿತು.

ಆಗ ಹಿಂದೆಗೆಯದೆ ನಿಂತವರಲ್ಲಿ ಶಿಮೊನ್ ಸಕಾಗುಚಿ ಪ್ರಮುಖರು. ಥೈಮಸ್ ಕಳೆದುಕೊಂಡ ಇಲಿಗಳಿಗೆ ಆರೋಗ್ಯವಂತ ಸೋದರ ಇಲಿಗಳ ಟಿ ಕೋಶಗಳನ್ನು ಕೊಟ್ಟರೆ ರೋಗ ತಪ್ಪುವುದನ್ನು ಕಂಡಿದ್ದ ಅವರು, ರಕ್ಷಿಸುವ ಕೋಶ ಯಾವುದೆಂದು ಹತ್ತು ವರ್ಷಕ್ಕೂ ಮಿಕ್ಕಿ ಹುಡುಕಿ, ಸಿಡಿ25 ಎಂಬ ಗುರುತನ್ನು ಹೊತ್ತ ಕೋಶಗಳೇ ಅವೆಂದು 1995ರಲ್ಲಿ ಪ್ರಕಟಿಸಿದರು. ಇನ್ನೊಂದು ಎಳೆ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಿಂದ ಬಂದಿತು. ವಿಕಿರಣದ ಪರಿಣಾಮಗಳನ್ನು ಅರಿಯಲೆಂದು ಅಲ್ಲಿ ಸಾಕುತ್ತಿದ್ದ ಇಲಿಗಳಲ್ಲಿ 1940ರ ದಶಕದಲ್ಲಿ ತಾನಾಗಿಯೇ ಒಂದು ವಿಕಾರ ತೋರಿ, ಕೆಲವು ಗಂಡುಮರಿಗಳು ಮೈತುಂಬ ಹೊಟ್ಟೆದ್ದ ಚರ್ಮದೊಡನೆ ಹುಟ್ಟಿ ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ಅರ್ಧಶತಮಾನ ಕಳೆದ ಮೇಲೆ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಆ ವಿಕಾರದ ಮೂಲವನ್ನು ಎಕ್ಸ್ ವರ್ಣತಂತುವಿನ ಒಂದು ಸಣ್ಣ ಪ್ರದೇಶಕ್ಕೆ ಸೀಮಿತಗೊಳಿಸಿ, ಅಲ್ಲಿದ್ದ ಇಪ್ಪತ್ತು ಜೀನುಗಳನ್ನು ಒಂದೊಂದಾಗಿ ಪರಿಶೀಲಿಸುತ್ತ ಹೋಗಲು, ಕಟ್ಟಕಡೆಯದರಲ್ಲಿ ದೋಷ ಸಿಕ್ಕಿತು. ಫಾಕ್ಸ್‌ಪಿ3 ಎಂಬ ಆ ಜೀನು ಕೆಟ್ಟಿರುವ ಗಂಡುಮಕ್ಕಳಲ್ಲಿಯೂ ಚರ್ಮ, ಕರುಳು, ಅಂತಃಸ್ರಾವಕ ಗ್ರಂಥಿಗಳನ್ನು ಶೈಶವದಲ್ಲಿಯೇ ಆಕ್ರಮಿಸುವ ಭೀಕರ ವ್ಯಾಧಿಯೊಂದು ಕಾಣಿಸಿಕೊಳ್ಳುವುದೆಂದು 2001ರಲ್ಲಿ ತಿಳಿಯಿತು. ನಿಯಾಮಕ ಕೋಶಗಳನ್ನು ರೂಪಿಸುವ ಸೂತ್ರಧಾರನೇ ಈ ಜೀನೆಂದು ಎರಡು ವರ್ಷಗಳಲ್ಲಿ ಸಿದ್ಧವಾದಾಗ ಎರಡು ಎಳೆಗಳೂ ಒಂದಾದವು. ಬ್ರಂಕೋ, ರಾಮ್ಸ್‌ಡೆಲ್, ಸಕಾಗುಚಿ ಈ ಮೂವರಿಗೆ 2025ರ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಿಕ ಸಂದದ್ದು ಇದಕ್ಕಾಗಿ. ನಿಯಾಮಕ ಕೋಶಗಳಿಲ್ಲದ ಆ ಇಲಿಯ ಮೊಟ್ಟಮೊದಲ ಗುರುತು ಹೊಟ್ಟೆದ್ದ ಚರ್ಮವಾಗಿದ್ದುದು ನಮ್ಮ ಪ್ರಸ್ತುತ ವಿಷಯಕ್ಕೆ ಗಮನಾರ್ಹ.

ಈ ಕೋಶಗಳು ತಡೆಯುವ ಬಗೆ ಒಂದೆರಡಲ್ಲ. ಇತರ ಟಿ ಕೋಶಗಳು ಬೆಳೆಯಲು ಬೇಕಾದ ಇಂಟರ್‌ಲ್ಯೂಕಿನ್-2 ಎಂಬ ಪೋಷಕವನ್ನು ಅವು ತಾವೇ ಹೀರಿಕೊಂಡು ಕೊರತೆಯನ್ನುಂಟುಮಾಡುತ್ತವೆ. ಸಿಡಿ25 ಎಂಬುದು ಆ ಪೋಷಕವನ್ನು ಹಿಡಿಯುವ ಗ್ರಾಹಕವೇ. ಸಿಟಿಎಲ್ಎ-4 ಎಂಬ ಅಣುವಿನಿಂದ ಡೆಂಡ್ರೈಟಿಕ್ ಕೋಶದ ಮೈಮೇಲಿನ ಪ್ರಚೋದಕ ಅಣುಗಳನ್ನು ಕಿತ್ತು ನುಂಗಿ, ಅದು ಇನ್ನೊಂದು ಟಿ ಕೋಶವನ್ನು ಎಬ್ಬಿಸದಂತೆ ಮಾಡುತ್ತವೆ. ಇಂಟರ್‌ಲ್ಯೂಕಿನ್-10, ಟಿಜಿಎಫ್-ಬೀಟಾಗಳಂಥ ಶಾಮಕ ದ್ರವ್ಯಗಳನ್ನು ಸುತ್ತಲೂ ಸೂಸುತ್ತವೆ.

ಸೋರಿಯಾಸಿಸ್‌ನಲ್ಲಿ ಇವುಗಳ ಗತಿಯೇನು? ಕಡಿಮೆಯಾಗಿರಬೇಕೆಂಬುದು ಸಹಜವಾದ ಊಹೆ. ಆದರೆ ಚಕ್ಕೆಯಿಂದ ತೆಗೆದ ಚರ್ಮದ ತುಣುಕನ್ನು ಪರೀಕ್ಷಿಸಿದ ಹಲವು ಅಧ್ಯಯನಗಳಲ್ಲಿ ಅವು ಕಡಿಮೆಯಾಗಿರಲಿಲ್ಲ, ಹೆಚ್ಚಿಯೇ ಇದ್ದವು. ಇದ್ದೂ ಫಲವಿಲ್ಲವೆಂಬುದೇ ಇಲ್ಲಿಯ ವೈಚಿತ್ರ್ಯ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕೆವಿನ್ ಕೂಪರ್ ಅವರ ತಂಡ 2005ರಲ್ಲಿ ರೋಗಿಗಳ ರಕ್ತದಿಂದಲೂ ಚಕ್ಕೆಗಳಿಂದಲೂ ನಿಯಾಮಕ ಕೋಶಗಳನ್ನು ಬೇರ್ಪಡಿಸಿ, ಇತರ ಟಿ ಕೋಶಗಳೊಡನೆ ಒಂದೇ ಪಾತ್ರೆಯಲ್ಲಿ ಬೆಳೆಸಿ ನೋಡಿದಾಗ, ಆರೋಗ್ಯವಂತರ ಕೋಶಗಳು ತಡೆದಷ್ಟನ್ನು ಇವು ತಡೆಯಲಾರದೆ ಹೋದವು. ನಾಲ್ಕು ವರ್ಷಗಳ ಅನಂತರ ಅದೇ ತಂಡ ಕಾರಣದ ಒಂದಂಶವನ್ನೂ ತೋರಿಸಿತು: ಚಕ್ಕೆಯಲ್ಲಿ ತುಂಬಿ ತುಳುಕುವ ಇಂಟರ್‌ಲ್ಯೂಕಿನ್-6 ಎಂಬ ದ್ರವ್ಯದ ಸನ್ನಿಧಿಯಲ್ಲಿ ಆಕ್ರಾಮಕ ಕೋಶಗಳು ನಿಯಾಮಕರ ಮಾತಿಗೆ ಕಿವುಡಾಗುತ್ತವೆ.

ಇನ್ನೂ ಗಂಭೀರವಾದ ಸಂಗತಿಯೊಂದಿದೆ. ಕಾಶ್ಮೀರ ಮೂಲದ ವಿಜಯ ಕುಚ್ರೂ ಹಾರ್ವರ್ಡಿನಲ್ಲಿ ತಮ್ಮ ಸಹೋದ್ಯೋಗಿಗಳೊಡನೆ 2006ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಇನ್ನೂ ದಾರಿ ಹಿಡಿಯದ ಎಳೆಯ ಟಿ ಕೋಶಕ್ಕೆ ಟಿಜಿಎಫ್-ಬೀಟಾ ಒಂದೇ ದೊರೆತರೆ ಅದು ನಿಯಾಮಕ ಕೋಶವಾಗುತ್ತದೆ. ಅದರೊಡನೆ ಇಂಟರ್‌ಲ್ಯೂಕಿನ್-6 ಕೂಡಿಬಂದರೆ ಅದೇ ಕೋಶ ಉರಿಯೂತವನ್ನು ಬೆಳೆಸುವ ಟಿಎಚ್-17 ಆಗುತ್ತದೆ. ಪೋಷಕನೂ ಘಾತುಕನೂ ಒಂದೇ ಕವಲಿನಲ್ಲಿ ಹುಟ್ಟುವರೆಂಬುದು ಇದರಿಂದ ಸ್ಪಷ್ಟವಾಯಿತು. 2011ರಲ್ಲಿ ನೆದರ್‌ಲ್ಯಾಂಡ್ಸಿನ ನೈಮೇಖನ್ ನಗರದ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತೀವ್ರ ಸೋರಿಯಾಸಿಸ್ ಇದ್ದವರ ಪಕ್ವವಾದ ನಿಯಾಮಕ ಕೋಶಗಳೇ ಸುಲಭವಾಗಿ ಪಕ್ಷ ಬದಲಿಸಿ ಇಂಟರ್‌ಲ್ಯೂಕಿನ್-17ನ್ನು ಸ್ರವಿಸತೊಡಗುವುದನ್ನು ಕಂಡರು. ಫಾಕ್ಸ್‌ಪಿ3ರ ಗುರುತನ್ನೂ ಇಂಟರ್‌ಲ್ಯೂಕಿನ್-17ನ್ನೂ ಒಟ್ಟಿಗೆ ಹೊತ್ತ ಕೋಶಗಳು ರೋಗಿಗಳ ಚಕ್ಕೆಯಲ್ಲಿಯೇ ಅವರಿಗೆ ಸಿಕ್ಕವು. ಇದಕ್ಕೆ ಕೂಡಿಸಿ ನೋಡಬೇಕಾದ ಇನ್ನೊಂದು ಅಂಶವೆಂದರೆ, ಕಲೆ ಮಾಯವಾದ ಮೇಲೆಯೂ ಹಳೆಯ ಆಕ್ರಾಮಕ ಟಿ ಕೋಶಗಳಲ್ಲಿ ಕೆಲವು ಅದೇ ಜಾಗದಲ್ಲಿ ನೆನಪಿಟ್ಟುಕೊಂಡು ಬೀಡುಬಿಟ್ಟಿರುತ್ತವೆ. ಪ್ರತಿ ಚಳಿಗಾಲದಲ್ಲಿಯೂ ಅದೇ ಮೊಣಕಾಲಿನ ಅದೇ ಬದಿಯಲ್ಲಿ ಚಕ್ಕೆ ಏಳುವುದು ಇದರಿಂದಲೇ.

ಚಿಕಿತ್ಸೆಯ ಕಡೆಗೆ ತಿರುಗಿದರೆ, ನಮ್ಮ ನೆಲದ ಒಂದು ಸಸ್ಯವನ್ನು ಮೊದಲು ನೆನೆಯಬೇಕು. ಬಾವಂಚಿಯೆಂದು ಕರೆಯುವ ಗಿಡದ ಬೀಜಗಳನ್ನು ಅರೆದು ಹಚ್ಚಿ ಬಿಸಿಲಿಗೆ ಕೂರುವ ಪದ್ಧತಿ ತೊನ್ನಿಗೆ ಬಹುಪುರಾತನವಾದದ್ದು. ಆ ಬೀಜದೊಳಗಿನ ಸೊರಾಲೆನ್ ಎಂಬ ಸತ್ತ್ವವನ್ನು 1933ರಲ್ಲಿ ಪ್ರತ್ಯೇಕಿಸಿದವರು ಜೋಯಿಸ್, ಮಂಜುನಾಥ್ ಮತ್ತು ವೆಂಕಟರಾವ್ ಎಂಬ ಭಾರತೀಯ ರಸಾಯನಜ್ಞರು. ಈ ಹೆಸರುಗಳನ್ನು ನಮ್ಮ ಶಾಲಾಪುಸ್ತಕಗಳು ಮರೆತಿರುವುದು ನನಗೆ ಖೇದವನ್ನುಂಟುಮಾಡುತ್ತದೆ. ಸೊರಾಲೆನ್ ವರ್ಗದ ಗುಳಿಗೆಯನ್ನು ಕೊಟ್ಟು ಅಳತೆಯ ನೇರಳಾತೀತ ಕಿರಣವನ್ನು ಹಾಯಿಸುವ ಚಿಕಿತ್ಸೆ 1974ರಲ್ಲಿ ಅಮೆರಿಕದಿಂದ ಪ್ರಚಾರಕ್ಕೆ ಬಂದಿತು. ಈಗ ಅದಕ್ಕಿಂತ ಹೆಚ್ಚಾಗಿ 311 ನ್ಯಾನೋಮೀಟರ್ ತರಂಗದ ಕಿರಣವೊಂದನ್ನೇ ಬಳಸುತ್ತಾರೆ. ಈ ಕಿರಣಗಳು ಆಕ್ರಾಮಕ ಕೋಶಗಳನ್ನು ತಗ್ಗಿಸುವುದರೊಡನೆ ನಿಯಾಮಕ ಕೋಶಗಳಿಗೆ ಮತ್ತೆ ಬಲ ತರುವುದನ್ನೂ ಸಂಶೋಧಕರು ಗುರುತಿಸಿದ್ದಾರೆ. ಆದರೆ ಮನೆಯಲ್ಲಿಯೇ ಬಾವಂಚಿ ಹಚ್ಚಿ ಧಾರವಾಡದ ಮಾರ್ಚ್ ತಿಂಗಳ ಬಿಸಿಲಿಗೆ ಮೈಯೊಡ್ಡುವುದು ಅಪಾಯಕರ. ಅಳತೆ ತಪ್ಪಿದರೆ ಚರ್ಮ ಸುಟ್ಟು ಬೊಬ್ಬೆಯೇಳುತ್ತದೆ.

ಕರ್ನಾಟಕದ್ದೇ ಆದ ಇನ್ನೊಂದು ಪ್ರಯತ್ನ ಬೆಂಗಳೂರಿನ ಬಯೋಕಾನ್ ಸಂಸ್ಥೆಯದು. ಕ್ಯೂಬಾ ದೇಶದ ಹವಾನಾದ ಆಣವಿಕ ರೋಗನಿರೋಧ ಕೇಂದ್ರದೊಡನೆ ಕೂಡಿ ಅದು ಬೆಳೆಸಿದ ಇಟೋಲಿಜುಮ್ಯಾಬ್ ಎಂಬ ಪ್ರತಿಕಾಯ 2013ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿತು. ಇದು ಟಿ ಕೋಶದ ಮೇಲಿನ ಸಿಡಿ6 ಎಂಬ ಅಣುವನ್ನು ಹಿಡಿದು ಉದ್ರೇಕವನ್ನು ಇಳಿಸುತ್ತದೆ. ನಿಯಾಮಕ ಕೋಶಗಳ ಮೇಲೆ ಸಿಡಿ6 ಕಡಿಮೆಯಿರುವುದರಿಂದ ಅವು ಬಹುಮಟ್ಟಿಗೆ ಉಳಿದುಕೊಳ್ಳುವುವೆಂಬುದು ಈ ಆಯ್ಕೆಯ ಹಿಂದಿನ ಆಕರ್ಷಣೆ. 223 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಹನ್ನೆರಡು ವಾರಗಳಿಗೆ ರೋಗದ ತೀವ್ರತೆ ಮುಕ್ಕಾಲು ಪಾಲು ಇಳಿದವರು ಔಷಧ ಪಡೆದ ಎರಡು ಗುಂಪುಗಳಲ್ಲಿ ಕ್ರಮವಾಗಿ ಶೇಕಡ 27 ಮತ್ತು 36. ಹುಸಿಮದ್ದು ಪಡೆದವರಲ್ಲಿ ಶೇಕಡ 2ಕ್ಕೆ ತುಸು ಮೇಲೆ. ನಮ್ಮವರ ಸಾಧನೆಯೆಂಬ ಅಭಿಮಾನ ಎಷ್ಟೇ ಇರಲಿ, ಇಂಟರ್‌ಲ್ಯೂಕಿನ್-17ನ್ನೇ ನೇರವಾಗಿ ತಡೆಯುವ ಸೆಕುಕಿನುಮ್ಯಾಬ್ ಇದೇ ಅವಧಿಯಲ್ಲಿ ನೂರಕ್ಕೆ ಸುಮಾರು 80 ಮಂದಿಯಲ್ಲಿ ಇಷ್ಟು ಫಲ ಕೊಟ್ಟಿತೆಂಬುದನ್ನು ಮುಚ್ಚಿಡಲಾಗದು. ಆದರೆ ಇವೆಲ್ಲ ಬೆಲೆಯುಳ್ಳ ಚುಚ್ಚುಮದ್ದುಗಳು. ಕ್ಷಯ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಒಳಗೆ ಅಡಗಿದ ಕ್ಷಯವಿಲ್ಲವೆಂದು ಪರೀಕ್ಷಿಸಿಯೇ ಇಂಥವುಗಳನ್ನು ಆರಂಭಿಸಬೇಕು. ಬಡವನ ಪಾಲಿಗೆ ಇಂದಿಗೂ ಆಧಾರವಾಗಿರುವುದು ಆ ಹಳೆಯ ಮೆಥೊಟ್ರೆಕ್ಸೇಟ್ ಗುಳಿಗೆ.

ಈಚಿನ ವರ್ಷಗಳಲ್ಲಿ, ವಿಶೇಷವಾಗಿ ಕೋವಿಡ್ ಮಾರಿಯ ತರುವಾಯ, ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವುದಾಗಿ ಸಾರುವ ಪುಡಿ, ಲೇಹ್ಯ, ಕಷಾಯಗಳು ಪ್ರತಿ ಅಂಗಡಿಯ ಗಾಜಿನ ಹಿಂದೆ ಸಾಲುಗಟ್ಟಿವೆ. ಆ ಶಕ್ತಿಯೆಂದರೆ ಹೆಚ್ಚಿದಷ್ಟೂ ಒಳಿತೆಂಬ ಭಾವನೆಯೇ ತಪ್ಪು. ಸೋರಿಯಾಸಿಸ್ ಇರುವವನ ದೇಹದಲ್ಲಿ ಕೊರತೆಯಿರುವುದು ಶಕ್ತಿಗಲ್ಲ, ನಿಗ್ರಹಕ್ಕೆ. ಅವನಿಗೆ ಇನ್ನಷ್ಟು ಉದ್ರೇಕವನ್ನು ಮಾರುವುದು ಅನ್ಯಾಯ. ಒಂದೇ ವಾರದಲ್ಲಿ ಕಲೆ ಮಾಯವಾಗಿಸುವೆನೆನ್ನುವ ಗುಟ್ಟಿನ ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ, ಮೊದಲು ಅದ್ಭುತವಾಗಿ ಗುಣ ಕಂಡು, ಬಿಟ್ಟೊಡನೆ ಮೈಯೆಲ್ಲ ಕೆಂಪಾಗಿ, ಕೀವುಗುಳ್ಳೆಯೆದ್ದು ಪ್ರಾಣಾಪಾಯಕ್ಕೂ ಎಡೆಯಾಗಬಹುದು.

ಆದುದರಿಂದ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟು. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಇಂಥ ಕಲೆಯುಳ್ಳವರಿದ್ದರೆ ಅವರನ್ನು ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರೆದೊಯ್ಯಿರಿ. ವೈದ್ಯರು ಮೆಥೊಟ್ರೆಕ್ಸೇಟ್ ಬರೆದರೆ ಅದನ್ನು ವಾರಕ್ಕೊಮ್ಮೆ, ಗೊತ್ತುಪಡಿಸಿದ ದಿನದಂದು ಮಾತ್ರ ಕೊಡಿರಿ. ದಿನವೂ ನುಂಗಿದರೆ ಅದು ವಿಷವಾಗುತ್ತದೆ. ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಿರಿ, ಸಂದು ನೋವಿದ್ದರೆ ವೈದ್ಯರ ಗಮನಕ್ಕೆ ತನ್ನಿರಿ. ಮತ್ತು ಅವರ ಪಕ್ಕದಲ್ಲಿಯೇ ಕುಳಿತು ಊಟ ಮಾಡಿರಿ.